ಅರ್ಧ ಬಾಟಲಿಯ ಪುಣ್ಯ

ಹಗರಿಬೊಮ್ಮನಹಳ್ಳಿಯ ಸ್ಕ್ಯಾನ್ ಸೆಂಟರಿನಲ್ಲಿ, ಸ್ಕ್ಯಾನಿಗೆ ಮುಂಚೆ ನರಕ್ಕೆ ಕೊಡುವ ಡೈ ಇಂಜೆಕ್ಷನ್ನಿಗೆ ಪೂರಾ ಬಾಟಲಿಯ ರೊಕ್ಕ ಕಟ್ಟಿದ್ದೆ. ನನಗೆ ಹಿಡಿದದ್ದು ಅರ್ಧ.

"ಉಳಿದದ್ದು ಯಾರರ ಬಡವ್ರಿಗೆ ಹಾಕ್ರಿ, ಶಿವ ಮೆಚ್ಚತಾನ" ಅಂದೆ.

"ಆಗ್ಲಿ ಅಜ್ಜಾರ" ಎಂದು ಟೆಕ್ನಿಷಿಯನ್ ನಕ್ಕ.

ಹೊರಗೆ ಹಿರೇಹಡಗಲಿಯ ಮುದುಕಿಯೊಬ್ಬಳು ಸರದಿಗೆ ಕೂತಿದ್ದಳು. "ಯವ್ವಾ, ನಿನಗ ಔಷಧದ ಖರ್ಚಿಲ್ಲ. ನನ್ನ ಬಾಟ್ಲಿಯಾಗಿಂದು ಹಾಕ್ತಾರ" ಎಂದೆ, ನಾಲ್ಕು ಜನಕ್ಕೆ ಕೇಳುವಂತೆ.

"ನಾನೂ ಪೂರಾ ಬಾಟ್ಲಿ ರೊಕ್ಕ ಕಟ್ಟೀನ್ರಿ, ಕಿವಿಯಾಗಿನ ಬೆಂಡೋಲಿ ಒತ್ತಿ ಇಟ್ಟು. ಇರ್ಲಿ, ನಿಮ್ಮ ಮನಸು ದೊಡ್ಡದೈತ್ರಿ" ಎಂದು ಕೈಮುಗಿದಳು.

ಒಳಗೆ ಹೋಗಿ, ಮತ್ತೆ ನನ್ನ ಅರ್ಧ ಬಾಟಲಿ ಯಾರಿಗೆ ಎಂದು ಕೇಳಬೇಕಿತ್ತು. ಆದರೆ ನನ್ನ ರಿಪೋರ್ಟು ಇನ್ನೂ ಅವರ ಕೈಯಲ್ಲಿತ್ತು. ಹಣೆಯ ವಿಭೂತಿ ಮುಟ್ಟಿಕೊಂಡು ತಲೆತಗ್ಗಿಸಿ ಕೂತೆ.

ಸಂಜೆ ಪೂಜೆಯಲ್ಲಿ, ಆ ಅರ್ಧ ಬಾಟಲಿಯ ಪುಣ್ಯ ನನಗೆ ಬೇಡ ತಂದೆ ಎಂದೆ. ಬೇಡವೆನ್ನಲು ಅದು ನನ್ನ ಹತ್ತಿರ ಇರಬೇಕಲ್ಲ. ಸೆಂಟರಿನವರು ಅದನ್ನು ಆಗಲೇ ಆ ಮುದುಕಿಗೆ ಮಾರಿದ್ದರು.