ಹುರಿದ ನುಗ್ಗೆಬೀಜ

ನಿಪ್ಪಾಣಿ ಕಡೆಯ ನಮ್ಮೂರಿನಲ್ಲಿ ನಾನೂ ನಮ್ಮನೆಯವರೂ ನೂಲಿಗೆ ಬಣ್ಣ ಹಾಕುವ ಸಣ್ಣ ಶೆಡ್ಡು ನಡೆಸುತ್ತಿದ್ದೆವು. ಬಣ್ಣ ಹಾಕುವುದು ಸುಲಭ, ಉಳಿದ ನೀರಿನದೇ ತಲೆನೋವು. ಆ ಕೆಂಪು ನೀರು ಪಕ್ಕದ ಕಬ್ಬಿನ ಹೊಲದ ಕಾಲುವೆಯಲ್ಲೇ ಹಾದು ಹೋಗಬೇಕಿತ್ತು. ಹೊಲದ ಯಜಮಾನರು ಜೈನರು, ನೀರನ್ನು ಬಟ್ಟೆಯಲ್ಲಿ ಸೋಸದೆ ಬಾಯಿಗಿಟ್ಟವರಲ್ಲ. ಅಂಥವರ ಬಾವಿಯೇ ಗುಲಾಬಿ ಬಣ್ಣಕ್ಕೆ ತಿರುಗಿದರೆ ಸುಮ್ಮನಿರುತ್ತಾರೆಯೇ?

“ಅಮಾಸಿ ದಿನ ಬರ್ತೀನ್ರಿ. ನನ್ನ ಕಣ್ಣ ಮುಂದ ನೀರ ತಿಳಿ ಆಗ್ಬೇಕು. ಇಲ್ಲಂದ್ರ ಕಾಲುವಿಗಿ ಮಣ್ಣ ಹಾಕ್ತೀನಿ,” ಎಂದರು. ಕಾಲುವೆ ಮುಚ್ಚಿದರೆ ಶೆಡ್ಡೂ ಮುಚ್ಚಿದಂತೆಯೇ.

ನೀರು ತಿಳಿಯಾಗಿಸುವ ಪಟಕದ ಕಲ್ಲನ್ನು ಮೊದಲೇ ಹಾಕಿ ನೋಡಿಯಾಗಿತ್ತು. ಪಟಕ ಹಾಕಿ, ಸುಣ್ಣ ಹಾಕಿ, ಕಲಕಿ ಬಿಟ್ಟರೆ ಬಣ್ಣವೇನೋ ತಳಕ್ಕೆ ಕೂರುತ್ತಿತ್ತು. ಆದರೆ ಆ ರಾಡಿಯನ್ನು ಎಲ್ಲಿ ಚೆಲ್ಲುವುದು? ಶೆಡ್ಡಿನ ಹಿಂದೆ ಗುಡ್ಡೆ ಹಾಕಿದರೆ ಒಂದು ಮಳೆಗೆ ಕರಗಿ ಮತ್ತೆ ಅದೇ ಕಾಲುವೆಗೆ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಆಯಿತು ನಮ್ಮ ಕೆಲಸ.

ಆಗ ಚಿಕ್ಕೋಡಿಯ ಪರಿಚಯದ ಮೇಷ್ಟ್ರೊಬ್ಬರು ನುಗ್ಗೆಬೀಜದ ಪುಡಿ ಹಾಕಿ ನೋಡಿ, ರಾಡಿ ಕಡಿಮೆ ಎಂದರು. ಹಸಿ ಬೀಜವನ್ನೇ ಕುಟ್ಟಬೇಕು, ಬಿಸಿ ತಾಗಿದರೆ ಅದರ ಬಣ್ಣ ಹಿಡಿಯುವ ಗುಣ ಸಾಯುತ್ತದೆ ಎಂದೂ ಹೇಳಿದ್ದರು. ಗಾಜಿನ ಬರಣಿಯಲ್ಲಿ ಮಾಡಿ ನೋಡಿದೆ. ಹಾಲು ಒಡೆದಂತೆ ಕೆಂಪೆಲ್ಲ ಚೂರುಚೂರಾಗಿ ತಳಕ್ಕಿಳಿದು, ಮೇಲಿನ ನೀರು ತಿಳಿಯಾಯಿತು. ಖುಷಿಗೆ ಕಣ್ಣು ತುಂಬಿತು. ಮುಗಳಖೋಡದ ತವರಿನಿಂದ ಒಣಗಿದ ನುಗ್ಗೆಕಾಯಿ ಮೂಟೆಗಟ್ಟಲೆ ತರಿಸಿದೆ. ಕುಟ್ಟುವ ಕೆಲಸವನ್ನು ನಮ್ಮ ಅತ್ತೆ ತಾವೇ ವಹಿಸಿಕೊಂಡರು. ನಾನು ಶೆಡ್ಡಿನಲ್ಲೇ ಮುಳುಗಿದ್ದೆ.

ಅಮಾವಾಸ್ಯೆಯ ಬೆಳಿಗ್ಗೆ ಯಜಮಾನರು ಬಂದು ತೊಟ್ಟಿಯ ಪಕ್ಕ ನಿಂತರು. ನಮ್ಮನೆಯವರು ಪುಡಿ ಸುರಿದು ಕಲಕಿದರು. ಕಾದೆವು. ನೀರು ಮಾತ್ರ ಕೆಂಪಗೆ ಹಾಗೇ ಇತ್ತು, ಮೇಲೊಂದಿಷ್ಟು ಎಣ್ಣೆ ತೇಲುತ್ತಿತ್ತು. ಶೇಂಗಾ ಚಟ್ನಿಗೆ ಹುರಿದಂಥ ವಾಸನೆ ಮೂಗಿಗೆ ಬಡಿದಾಗ ಅತ್ತೆಯ ಬಳಿ ಓಡಿದೆ.

“ಅತ್ತಿ, ಹುರದಿರೇನ್ರಿ?”

“ಹುರೀಲಾರ್ದ ಹೆಂಗ ಕುಟ್ಟೂದಬೇ? ಘಮ್ ಅನ್ನೂಹಂಗ ಹುರದೀನಿ.”

ನಮ್ಮ ಮನೆಗಳಲ್ಲಿ ಶೇಂಗಾ ಆಗಲಿ, ಅಗಸಿ ಆಗಲಿ, ಗುರೆಳ್ಳಾಗಲಿ, ಹುರಿಯದೆ ಒರಳಿಗೆ ಹೋಗುವುದಿಲ್ಲ. ಹಸಿ ಬೀಜ ಕುಟ್ಟುವವಳು ಸೋಮಾರಿ ಸೊಸೆ. ಆದರೆ ಇದೇನು ರೊಟ್ಟಿಗೆ ಹಚ್ಚಿಕೊಳ್ಳುವ ಹಿಂಡಿಯೇ! ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸಿಕೊಳ್ಳುವುದು? ಹಸಿಯಾಗಿಯೇ ಕುಟ್ಟಿರಿ ಎಂದು ನಾನೇ ಹೇಳಿರಲಿಲ್ಲ. ಮೊಣಕಾಲು ನೋವಿನ ಮುದುಕಿ, ಒಲೆಯ ಮುಂದೆ ಬೆವರು ಸುರಿಸಿದ್ದು ನಮಗಾಗಿಯೇ. ಒಂದು ಹಿಡಿಯೂ ಹಸಿ ಬೀಜ ಉಳಿದಿರಲಿಲ್ಲ.

ವಿಷಯ ತಿಳಿದ ಅತ್ತೆ ಸೆರಗು ಸರಿಮಾಡಿಕೊಂಡು ಯಜಮಾನರ ಮುಂದೆ ಹೋಗಿ ನಿಂತರು. “ಅಣ್ಣಾರ, ತಪ್ಪ ನಂದು. ಹುರದಾಕಿ ನಾನು. ಇವರ ಕಾಲುವಿ ಮುಚ್ಚಬ್ಯಾಡ್ರಿ.”

ಅವರು ದನಿ ಏರಿಸಲಿಲ್ಲ. ಏರಿಸಿದ್ದರೆ ನಾನೂ ಜಗಳಕ್ಕೆ ನಿಲ್ಲುತ್ತಿದ್ದೆ.

“ಬೀಜ ಹುರದಾಕಿ ನೀವು, ಖರೆ ಐತ್ರಿ ಅವ್ವಾರ. ನನ್ನ ಬಾವಿಗಿ ಬಣ್ಣ ಹಾಕಿದವ್ರು ಯಾರ್ರಿ?”

ಅತ್ತೆ ನನ್ನ ಕಡೆ ತಿರುಗಿ ನೋಡಿದರು. ಮಧ್ಯಾಹ್ನದ ಹೊತ್ತಿಗೆ ಕಾಲುವೆಗೆ ಮಣ್ಣು ಬಿತ್ತು.