ಬಾಬಾಳ ಕೆಳಗಿನ ಮನೆ

ಮೊನ್ನೆ ಪಾಯಸಕ್ಕೆಂದು ಗಸಗಸೆ ಹುರಿಯುತ್ತಿದ್ದೆ. ಫೋನು ಬಂತು, ಕೈ ತಡವಾಯಿತು, ಬಾಣಲೆಯಿಂದ ಸ್ವಲ್ಪ ಸೀದ ವಾಸನೆ ಎದ್ದಿತು. ಆ ವಾಸನೆಗೆ ಧಾರವಾಡದ ನಮ್ಮ ಅಡುಗೆಮನೆ ನೆನಪಾಗಬೇಕಿತ್ತು. ಆಗಲಿಲ್ಲ. ನೆನಪಾದದ್ದು ನ್ಯೂಜೆರ್ಸಿಯ ಪೆಸೇಯಿಕ್ ಊರಿನ ಎರಡಂತಸ್ತಿನ ಒಂದು ಮರದ ಮನೆ, ಅಲ್ಲಿ ಮೇಜಿನ ಅಂಚಿಗೆ ತಿರುಪು ಹಾಕಿ ಬಿಗಿದಿದ್ದ ಪುಟ್ಟ ಗಿರಣಿ, ಅದರ ಹಿಡಿ ತಿರುಗಿಸುತ್ತಿದ್ದ ಗಂಟುಗಂಟಾದ ಬೆರಳುಗಳು... ಕಪ್ಪು ಗಸಗಸೆಯನ್ನು ಹಾಲು ಸಕ್ಕರೆಯಲ್ಲಿ ಬೇಯಿಸಿ, ನಾವು ಹೋಳಿಗೆಗೆ ಹೂರಣ ತುಂಬಿದಂತೆ ಹಿಟ್ಟಿನೊಳಗೆ ಹರಡಿ, ಸುರುಳಿ ಸುತ್ತಿ ಬೇಯಿಸುತ್ತಿದ್ದಳು ಅವಳು. ಬಿಸಿ ಇರುವಾಗಲೇ ದೊಡ್ಡದೊಂದು ತುಂಡು ಕೊಯ್ದು ಕೆಳಗೆ ನಮಗೆ ತಂದು ಕೊಡುತ್ತಿದ್ದಳು.

ಅವಳು ನಮ್ಮ ಮನೆಯೊಡತಿ. ವಿಧವೆ. ತಂದೆತಾಯಿ ಸ್ಲೋವಾಕ್ ಹಳ್ಳಿಯಿಂದ ಹಡಗು ಹತ್ತಿ ಬಂದವರು. ಇವಳು ಹುಟ್ಟಿದ್ದು ಅಮೆರಿಕದಲ್ಲೇ. ಓಣಿಯವರೆಲ್ಲ ಬಾಬಾ ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಬಾಬಾ ಎಂದರೆ ಅಜ್ಜಿ. ನಮ್ಮ ಕಡೆ ಬಾಬಾ ಎಂದರೆ ಗಡ್ಡ ಬಿಟ್ಟ ಸಾಧು ಎಂದು ನಾನು ಹೇಳಿದಾಗ ಗದ್ದ ಸವರಿಕೊಂಡು, "ನನಗೂ ನಾಲ್ಕು ಕೂದಲು ಬಂದಿವೆ ನೋಡು" ಎಂದು ನಕ್ಕಿದ್ದಳು.

ನಾವು ಬಂದದ್ದು ಅರವತ್ತರ ದಶಕದ ಕೊನೆಯಲ್ಲಿ. ನನ್ನವರಿಗೆ ಬಣ್ಣ ತಯಾರಿಸುವ ಕಾರ್ಖಾನೆಯಲ್ಲಿ ಕೆಮಿಸ್ಟ್ ಕೆಲಸ. ಫೋನಿನಲ್ಲಿ ಖಾಲಿ ಇದೆ ಎಂದ ಮನೆ ನಾವು ಬಾಗಿಲಿಗೆ ಹೋಗುವಷ್ಟರಲ್ಲಿ ಭರ್ತಿಯಾಗಿರುತ್ತಿತ್ತು. ಹಾಗೆ ಅಲೆದು ಅಲೆದು ಸಾಕಾದ ಒಂದು ಮಧ್ಯಾಹ್ನ ಬಾಬಾಳ ಬಾಗಿಲು ತಟ್ಟಿದೆವು. ಅವಳು ನಮ್ಮ ಮುಖ ನೋಡುವ ಮೊದಲು ನನ್ನ ಕಾಲು ನೋಡಿದಳು. ಹಿಮದಲ್ಲಿ ಚಪ್ಪಲಿ ಹಾಕಿಕೊಂಡು ನಿಂತಿದ್ದೆ. "ಅಯ್ಯೋ ದೇವರೇ, ಒಳಗೆ ಬಾ ಮೊದಲು" ಎಂದು ಕೈ ಹಿಡಿದು ಎಳೆದಳು. ಸತ್ತ ಗಂಡನ ಉಣ್ಣೆಯ ಕಾಲುಚೀಲ ತಂದು ತಾನೇ ತೊಡಿಸಿದಳು. ಬಾಡಿಗೆಯ ಮಾತು ಬಂದದ್ದು ಸೂಪು ಕುಡಿದ ಮೇಲೆ.

ಕೆಳಗಿನ ಮನೆ ನಮ್ಮದಾಯಿತು. ಮಗಳು ಹುಟ್ಟಿದ್ದು ಆ ಮನೆಯಲ್ಲಿದ್ದಾಗಲೇ. ತವರಿನಿಂದ ಯಾರೂ ಬರುವ ಹಾಗಿರಲಿಲ್ಲ. ಬಾಣಂತನ ಮಾಡಿದವಳು ಬಾಬಾ. ನಮ್ಮವ್ವ ಪತ್ರದಲ್ಲಿ ಬರೆದ ಮೆಂತ್ಯ, ಅಂಟು, ಖಾರ ಯಾವುದೂ ಅವಳಿಗೆ ಗೊತ್ತಿರಲಿಲ್ಲ. ಆದರೆ ಮಗುವಿಗೆ ಎಣ್ಣೆ ತಿಕ್ಕುವುದು ಗೊತ್ತಿತ್ತು, ನನ್ನ ಬೆನ್ನಿಗೆ ಬಿಸಿ ಬಟ್ಟೆಯ ಶಾಖ ಕೊಡುವುದು ಗೊತ್ತಿತ್ತು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಮಗಳನ್ನೆತ್ತಿಕೊಂಡು, ತಮ್ಮವರು ಮೊಮ್ಮಕ್ಕಳಿಗೆ ಮಾಡುವಂತೆಯೇ ಹಣೆಗೆ ಜೇನುತುಪ್ಪದಿಂದ ಶಿಲುಬೆಯ ಗುರುತು ಹಾಕುತ್ತಿದ್ದಳು. ವರ್ಷವಿಡೀ ಜನ ಅವಳನ್ನು ಜೇನಿನಂತೆ ಪ್ರೀತಿಸಲಿ ಎಂದು. ಆ ಊಟದ ಮೇಜಿನ ಮೇಲೆ ಒಂದು ತಟ್ಟೆ ಹೆಚ್ಚಿಗೆ ಇಡುತ್ತಿದ್ದರು. ದಾರಿ ತಪ್ಪಿ ಬಂದ ಅಪರಿಚಿತನಿಗಂತೆ.

ಅವಳ ಕಥೆಗಳೆಲ್ಲ ಅಪ್ಪನ ಕಥೆಗಳು. ಅಪ್ಪ ಉಣ್ಣೆ ಗಿರಣಿಯಲ್ಲಿ ಬಣ್ಣದ ತೊಟ್ಟಿಯ ಕೆಲಸಕ್ಕೆ ಸೇರಿದ್ದು, ಇಂಗ್ಲಿಷ್ ಬಾರದೆ ಬೈಸಿಕೊಂಡದ್ದು, "ಹಂಕಿ" ಎಂದು, ಪೂರ್ವ ಯುರೋಪಿನವರನ್ನು ಬೈಯುವ ಮಾತಿನಿಂದ, ಬೀದಿಯಲ್ಲಿ ಹೀಯಾಳಿಸಿಕೊಂಡದ್ದು, ಒಂದೇ ಕೋಣೆಯಲ್ಲಿ ಊರಿನವರೆಲ್ಲ ಪಾಳಿಯ ಮೇಲೆ ಮಲಗುತ್ತಿದ್ದದ್ದು. ಆಮೇಲೆ ತಮ್ಮವರದೇ ಚರ್ಚು ಕಟ್ಟಿಕೊಂಡರು, ತಮ್ಮವರದೇ ಸಂಘ ಮಾಡಿಕೊಂಡರು. ಸಂಘ ಸಾಲ ಕೊಟ್ಟಿತು, ಅಪ್ಪ ಈ ಮನೆ ಕೊಂಡ. "ಈ ಒಂದೊಂದು ಹಲಗೆಯಲ್ಲೂ ಅವನ ಬೆನ್ನು ಇದೆ" ಎನ್ನುತ್ತ ಬಾಬಾ ಗೋಡೆ ಮುಟ್ಟುತ್ತಿದ್ದಳು. ನಾನು ಬಹಳ ಗೌರವದಿಂದ ಕೇಳುತ್ತಿದ್ದೆ.

ಮಗಳು ಸ್ವಲ್ಪ ದೊಡ್ಡವಳಾದ ಮೇಲೆ ನಾನು ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ನನ್ನ ಪಕ್ಕದ ಮೇಜಿನವಳು ನನ್ನ ಗೆಳತಿಯಾದಳು. ಕಪ್ಪು ಹೆಂಗಸು, ನ್ಯೂಯಾರ್ಕಿನಲ್ಲಿ ಹುಟ್ಟಿದವಳು. ಎಲ್ಲರೂ ಅವಳನ್ನು ಅಮೆರಿಕದ ದಕ್ಷಿಣ ರಾಜ್ಯಗಳಿಂದ ಬಂದವಳೆಂದೇ ತಿಳಿಯುತ್ತಿದ್ದರು. ತಾಯಿ ಆ ಕಡೆಯವಳೇ. ಆದರೆ ಅಪ್ಪ ಸೆನೆಗಲ್‌ನ ಕಡಲತಡಿಯ ಊರಿನವನು. ಬಡಗಿ. ಫ್ರೆಂಚ್ ಹಡಗಿನಲ್ಲಿ ಕಲ್ಲಿದ್ದಲು ಎತ್ತಿ ಹಾಕುತ್ತ ನ್ಯೂಯಾರ್ಕಿಗೆ ಬಂದು ಇಳಿದವನು ಮತ್ತೆ ಹತ್ತಲಿಲ್ಲ. ಹೆಚ್ಚುಕಡಿಮೆ ಬಾಬಾಳ ಅಪ್ಪ ಬಂದ ಕಾಲಕ್ಕೇ ಬಂದವನು. ಕುರ್ಚಿ ಮಾಡಿದರೆ ಕಣ್ಣು ಕೀಳಲಾಗದಂತೆ ಮಾಡುತ್ತಿದ್ದನಂತೆ. ಬಡಗಿಗಳ ಯೂನಿಯನ್ ಅವನನ್ನು ಸೇರಿಸಿಕೊಳ್ಳಲಿಲ್ಲ. ಸಾಯುವ ತನಕ ದೊಡ್ಡ ಕಟ್ಟಡವೊಂದರಲ್ಲಿ ನೆಲ ಒರೆಸಿದ.

ಎಪ್ಪತ್ತರ ದಶಕದ ನಡುವೆ ನಾವು ಓಲ್ಡ್ ಬ್ರಿಡ್ಜ್‌ನಲ್ಲಿ ಸ್ವಂತ ಮನೆ ಕೊಂಡೆವು. ನಾವು ಬಿಡುವ ಮನೆ ಗೆಳತಿಗೆ ಬೇಕಿತ್ತು. ಅವಳಿದ್ದ ಕಟ್ಟಡದಲ್ಲಿ ಚಳಿಗಾಲದಲ್ಲಿ ಹೀಟಿಂಗ್ ಬರುತ್ತಿರಲಿಲ್ಲ. ಚಿಕ್ಕ ಮಗನಿಗೆ ಉಬ್ಬಸ. ಗಂಡ ಬಸ್ ಓಡಿಸುತ್ತಿದ್ದ, ಇಬ್ಬರಿಗೂ ಸಂಬಳವಿತ್ತು, ಮನೆ ಸಿಗುತ್ತಿರಲಿಲ್ಲ. ನಾನು ಬಾಬಾಳಿಗೆ ಹೇಳಿದೆ. ಅವಳು ಒರೆಸಿದ ಮೇಜನ್ನೇ ಮತ್ತೊಮ್ಮೆ ಒರೆಸಿ, "ಕರೆದುಕೊಂಡು ಬಾ, ನೋಡೋಣ" ಎಂದಳು.

ಆ ಭಾನುವಾರ ಮೂವರೂ ಬಾಬಾಳ ಅಡುಗೆಮನೆಯಲ್ಲಿ ಕೂತೆವು. ಬಾಬಾ ತನ್ನ ಅಪ್ಪನ ಕಥೆ ತೆಗೆದಳು. ಹಂಕಿ ಎಂದು ಕರೆಯುತ್ತಿದ್ದರು ಎಂದಾಗ ಗೆಳತಿ, "ನಮ್ಮಪ್ಪನನ್ನು ಏನಂತ ಕರೀತಿದ್ದರೋ ಅದನ್ನ ಊಟದ ಮೇಜಲ್ಲಿ ಹೇಳೋದು ಬೇಡ" ಎಂದು ನಕ್ಕಳು. ಬಾಬಾಳೂ ನಕ್ಕಳು.

"ಆದರೂ ನಮ್ಮಪ್ಪ ಬಿಡಲಿಲ್ಲ. ದುಡಿದ. ಮಿಲ್ಲಿನಲ್ಲಿ ಮೇಸ್ತ್ರಿ ಆದ" ಎಂದಳು ಬಾಬಾ.

"ಮಾಡಿದರಲ್ಲ ಮ್ಯಾಮ್, ಅವರನ್ನ ಮೇಸ್ತ್ರಿ ಮಾಡಿದರು" ಎಂದಳು ಗೆಳತಿ. "ನಮ್ಮಪ್ಪನೂ ದುಡಿದ. ಮನೆ ಕೊಳ್ಳಬೇಕು ಅಂತ ಬ್ಯಾಂಕಿಗೆ ಹೋಗಿದ್ದ, ಸೂಟು ಹಾಕಿಕೊಂಡು. ಕೂತುಕೊಳ್ಳಿ ಅಂತ ಕೂಡ ಹೇಳಲಿಲ್ಲ."

ಮನೆಯ ಮಾತು ಇಲ್ಲಿಗೇ ಮುಗಿಯಿತು ಎಂದುಕೊಂಡೆ. ಆದರೆ ಬಾಬಾ ಸಿಟ್ಟಾಗಲಿಲ್ಲ. ಗೆಳತಿಯ ಕತ್ತಿನ ಸಣ್ಣ ಶಿಲುಬೆ ನೋಡಿ, "ನೀವು ಕ್ಯಾಥೊಲಿಕ್ಕರಾ?" ಎಂದು ಕೇಳಿದಳು. ಗೆಳತಿ ಹೌದೆಂದಳು. ಅಪ್ಪ ಫ್ರೆಂಚಿನಲ್ಲೇ ಪ್ರಾರ್ಥನೆ ಕಲಿಸಿದ್ದ ಎಂದು ನಾಲ್ಕು ಸಾಲು ಹೇಳಿದಳು. ಬಾಬಾ ಅದನ್ನೇ ಸ್ಲೋವಾಕ್‌ನಲ್ಲಿ ಹೇಳಿದಳು. ಕೊನೆಗೆ ಇಬ್ಬರೂ ಒಟ್ಟಿಗೆ ಆಮೆನ್ ಎಂದರು. ಬಾಬಾ ಎದ್ದು ಮೊಳೆಗೆ ತೂಗುಹಾಕಿದ್ದ ಕೆಳಗಿನ ಮನೆಯ ಇನ್ನೊಂದು ಕೀಲಿ ತಂದು ಅವಳ ಅಂಗೈಯಲ್ಲಿಟ್ಟಳು. "ಮಗನನ್ನ ಬೇಗ ಕರೆದುಕೊಂಡು ಬಾ. ಇಲ್ಲಿ ಬೆಚ್ಚಗಿರುತ್ತೆ."

ಗೆಳತಿ ತನ್ನ ಹಳೆಯ ಮನೆ ಬಿಡುತ್ತೇನೆಂದು ಹೇಳಿಬಿಟ್ಟಳು. ಅದು ಕೂಡಲೇ ಬೇರೆಯವರಿಗೆ ಹೋಯಿತು. ಸಂಜೆ ಕೆಲಸ ಮುಗಿಸಿ ನನ್ನ ಜೊತೆ ಬಂದು ಕಿಟಕಿಗಳ ಅಳತೆ ತೆಗೆದುಕೊಂಡು ಹೋದಳು. ಹಳದಿ ಪರದೆ ಹೊಲಿಯುತ್ತೇನೆ ಎಂದಳು.

ಅವಳು ಬಂದು ಹೋಗುವುದನ್ನು ಓಣಿ ನೋಡಿತು. ಎದುರು ಮನೆಯಾಕೆ ನನಗೆ ನಮಸ್ಕಾರ ಹೇಳುವುದನ್ನು ಬಿಟ್ಟಳು. ಬಾಬಾಳ ಅಡುಗೆಮನೆಗೆ ಚರ್ಚಿನ ಸಂಘದ ಇಬ್ಬರು ಹಿರಿಯರು ಬಂದು ಬಹಳ ಹೊತ್ತು ಕೂತಿದ್ದರು. ಆ ವಾರವೇ ಅವಳ ಮಗ ಬಂದ. ಅವನು ಫೋರ್ಟ್ ಲೀಯಲ್ಲಿ ಹೊಸ ಎತ್ತರದ ಕಟ್ಟಡದಲ್ಲಿದ್ದ, ಇನ್ಶೂರೆನ್ಸ್ ಕೆಲಸ, ಅಮ್ಮನನ್ನು ನೋಡಲು ಅಪರೂಪಕ್ಕೆ ಬರುತ್ತಿದ್ದವನು. ಮೇಲಿನಿಂದ ಅವನ ದನಿ ನಮ್ಮ ಚಾವಣಿಯ ಮೂಲಕ ಸ್ಪಷ್ಟವಾಗಿ ಕೇಳಿಸಿತು. "ಕರಿಯರು ಒಬ್ಬರು ಬಂದರೆ ಸಾಕು ಅಮ್ಮ, ಇಡೀ ಬೀದಿ ಮಾರಿಕೊಂಡು ಓಡುತ್ತೆ. ಗಲಭೆ ಆದ ಮೇಲೆ ನ್ಯೂವಾರ್ಕ್ ಏನಾಯಿತು ನೋಡಲಿಲ್ವಾ? ಅಜ್ಜನ ಮನೆಯನ್ನ ಮಣ್ಣುಪಾಲು ಮಾಡಬೇಕು ಅಂತಿದ್ದೀಯಾ?" ಬಾಬಾ ಏನು ಹೇಳಿದಳೋ ಕೇಳಿಸಲಿಲ್ಲ.

ಶನಿವಾರ ಗೆಳತಿ ಗಂಡನ ಜೊತೆ ಪರದೆಗಳನ್ನು ತಂದಳು. ಮೆಟ್ಟಿಲ ಮೇಲೆ ಬಾಬಾಳ ಮಗ ನಿಂತಿದ್ದ. ತುಂಬ ವಿನಯದಿಂದ ಮಾತಾಡಿದ. ಅಮ್ಮನ ಆರೋಗ್ಯ ಸರಿಯಿಲ್ಲ, ಕೆಳಗಿನ ಮನೆ ಮನೆಯವರಿಗೇ ಬೇಕಾಗಿದೆ, ದಯವಿಟ್ಟು ಕೀಲಿ. ಗೆಳತಿ ಅವನನ್ನು ನೋಡಲಿಲ್ಲ. ತಲೆಯೆತ್ತಿ ಮೇಲಿನ ಕಿಟಕಿ ನೋಡಿದಳು. ಅಲ್ಲಿ ಲೇಸಿನ ಪರದೆಯ ಹಿಂದೆ ಬಾಬಾ ಇದ್ದಳು. ಇದ್ದಾಳೆಂದು ನಮಗೆಲ್ಲ ಕಾಣಿಸುತ್ತಿತ್ತು. ಅವಳು ಕೆಳಗೆ ಬರಲಿಲ್ಲ. ಗೆಳತಿ ಕೀಲಿಯನ್ನು ಅವನ ಕೈಗೆ ಕೊಡದೆ ಮೆಟ್ಟಿಲ ಮೇಲಿಟ್ಟು ಹೋದಳು.

ನಾನು ಮೇಲೆ ಹೋಗಲು ಹೊರಟಾಗ ನನ್ನವರು ತಡೆದರು. "ಅಕೀ ಜೋಡಿ ಜಗಳಾಡಿ ಏನು ಮಾಡ್ತಿ? ಇನ್ನೇನು ನಾವು ಹೊಂಟೇವಿ. ಸುಮ್ಮನಿರು."

"ಹೊಂಟೇವಿ ಅಂತನಽ ಆಡ್ತೀನ್ರಿ. ನಮ್ಮನ್ನೇನು ಹೊರಗ ಹಾಕ್ತಾಳಾ?" ಎಂದು ಹತ್ತಿಹೋದೆ.

ಬಾಬಾ ಮೇಜಿನ ಮುಂದೆ ಕೂತಿದ್ದಳು. ಮೊದಲು ನನ್ನ ಕಡೆ ತಿರುಗಲಿಲ್ಲ.

"ನಿಮ್ಮ ಜೊತೆ ಪ್ರಾರ್ಥನೆ ಹೇಳಿದವಳು ಅವಳು. ನಾನು ನಿಮ್ಮ ದೇವರನ್ನೂ ನಂಬೋಲ್ಲ. ನನಗೆ ಮನೆ ಕೊಟ್ಟಿರಿ. ಅವಳಿಗೆ ಯಾಕೆ ಇಲ್ಲ?" ಎಂದೆ.

"ನೀವು ಬೇರೆ" ಎಂದಳು. ಎಷ್ಟೋ ಸಲ ಪ್ರೀತಿಯಿಂದ ಹೇಳಿದ್ದ ಮಾತೇ ಅದು. ನೀವು ಬೇರೆ, ನೀವು ಓದಿದವರು, ನಿಮ್ಮದು ಹಳೆಯ ದೇಶ. ಅದು ಹೊಗಳಿಕೆ ಎಂದು ನಾನು ತಿಳಿದಿದ್ದೆ. ನಮ್ಮ ಓಣಿಯಲ್ಲಿ ಬಾಡಿಗೆ ಮನೆ ಕೇಳಿ ಬಂದವರಿಗೆ ನನ್ನ ಅಪ್ಪ ಬೆಲ್ಲ ನೀರು ಕೊಟ್ಟು, ನಗುನಗುತ್ತಲೇ "ನೀವು ಯಾವ ಪೈಕಿ?" ಎಂದು ಕೇಳುತ್ತಿದ್ದದ್ದು ಆಗ ಕಣ್ಣಮುಂದೆ ಬಂತು. ಎಷ್ಟು ಜನ ಆ ಬೆಲ್ಲ ತಿಂದು, ನೀರು ಕುಡಿದು ಎದ್ದು ಹೋಗಿದ್ದರು...

"ಅವಳ ಮಗನಿಗೆ ಉಬ್ಬಸ" ಎಂದೆ.

ಆಗ ಬಾಬಾ ನನ್ನ ಕಡೆ ತಿರುಗಿದಳು. ಅತ್ತು ಅತ್ತು ಮುಖ ಊದಿಕೊಂಡಿತ್ತು. "ನೀನು ಹೋಗುತ್ತೀಯ, ಹೊಸ ಮನೆಗೆ. ನಾನು ಇಲ್ಲೇ ಇರಬೇಕು. ಈ ಓಣಿಯವರು, ಚರ್ಚಿನವರು, ಇವರೇ ನನಗೆ ಇರೋದು. ನನ್ನ ಗಂಡನ ಶವಪೆಟ್ಟಿಗೆ ಹೊತ್ತವರು ಇವರು. ನಾಳೆ ನಾನು ಸತ್ತರೆ ಯಾರು ಹೊರುತ್ತಾರೆ? ನೀನು ಬರ್ತೀಯಾ?"

ಕೆಳಗಿಳಿದು ಬಂದೆ. ಮನೆ ಬಿಟ್ಟ ದಿನ ಅವಳು ಮಗಳನ್ನು ಎತ್ತಿ ಮುದ್ದಿಟ್ಟಳು. ನನ್ನನ್ನು ತಬ್ಬಿಕೊಳ್ಳಲು ಬಂದಾಗ ನಾನು ಪಾತ್ರೆಯ ಪೆಟ್ಟಿಗೆ ಎತ್ತಿಕೊಂಡೆ.

ಗೆಳತಿಯ ಸಂಸಾರ ನ್ಯೂವಾರ್ಕ್‌ನಲ್ಲಿ ನಾದಿನಿಯ ಮನೆ ಸೇರಿತು. ಮೂರು ಕೋಣೆಯಲ್ಲಿ ಎರಡು ಸಂಸಾರ. ಅಲ್ಲಿಂದ ಬಸ್ಸು ಬದಲಿಸಿ ಬದಲಿಸಿ ಲ್ಯಾಬಿಗೆ ಬರುವಷ್ಟರಲ್ಲಿ ತಡವಾಗುತ್ತಿತ್ತು. ಆ ಚಳಿಗಾಲ ಮಗನನ್ನು ಮತ್ತೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕಾಯಿತು. ವಸಂತ ಬರುವ ಮುಂಚೆ ಅವಳು ಕೆಲಸ ಬಿಟ್ಟಳು. ಕಲಿತ ವಿದ್ಯೆಗೆ ಸರಿಯಾದ ಕೆಲಸ ಅವಳಿಗೆ ಮುಂದೆ ಬಹಳ ವರ್ಷ ಸಿಗಲಿಲ್ಲ.

ಓಣಿಯವರು ಹೆದರಿದ್ದದ್ದು ಹೇಗೂ ಆಯಿತು. ಯಾರೂ ಬರದೆಯೇ ಆಯಿತು. ಮಿಲ್ಲುಗಳು ಎಂದೋ ಮುಚ್ಚಿದ್ದವು. ಮಕ್ಕಳು ಒಬ್ಬೊಬ್ಬರಾಗಿ ಉಪನಗರಗಳ ಹುಲ್ಲುಹಾಸಿನ ಮನೆಗಳಿಗೆ ಹೋದರು, ಹಿಂದೆಯೇ ತಂದೆತಾಯಿ ಹೋದರು. ಎದುರು ಮನೆಯಾಕೆ ಎಲ್ಲರಿಗಿಂತ ಮೊದಲು ಮಾರಿದಳಂತೆ. ದಶಕದ ಕೊನೆಗೆ ಬಾಬಾ ತೀರಿಕೊಂಡಾಗ ಮಗ ಫೋನು ಮಾಡಿದ. ನಾನು ಹೋದೆ. ಚರ್ಚಿನಲ್ಲಿ ನಾಲ್ಕಾರು ಮುದುಕಿಯರು. ಪೆಟ್ಟಿಗೆ ಹೊತ್ತವರು ಶವಸಂಸ್ಕಾರದ ಕಂಪನಿಯ ಕೆಲಸಗಾರರು, ಒಂದೇ ತರಹದ ಕಪ್ಪು ಕೋಟು ಹಾಕಿಕೊಂಡವರು. ಅವರಲ್ಲಿ ಒಬ್ಬನಿಗೂ ಅವಳ ಹೆಸರು ಗೊತ್ತಿರಲಿಕ್ಕಿಲ್ಲ.

ಆಮೇಲೆ ಮಗ ನನ್ನ ಹತ್ತಿರ ಬಂದ. ಕೂದಲು ಬೆಳ್ಳಗಾಗಿತ್ತು. "ನೀವು ಹೋದ ಮೇಲೆ ಅಮ್ಮ ಕೆಳಗಿನ ಮನೆ ಯಾರಿಗೂ ಕೊಡಲಿಲ್ಲ. ನಮ್ಮವರೇ ಎಷ್ಟೋ ಜನ ಕೇಳಿದರು. ಬಾಗಿಲು ತೆಗೆಯೋಕೂ ಬಿಡಲಿಲ್ಲ. ಯಾಕೆ ಅಂತ ಹೇಳಲೂ ಇಲ್ಲ" ಎಂದ. ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಎಂದು ಮುಖ ನೋಡಿದರೆ ತಿಳಿಯುತ್ತಿತ್ತು. ನಾನೂ ಹೇಳಲಿಲ್ಲ.

ಗೆಳತಿಗೆ ಫೋನಿನಲ್ಲಿ ಹೇಳಿದೆ. ಕೇಳಿದರೆ ಅವಳಿಗೆ ಏನಾದರೂ ಸಮಾಧಾನವಾಗಬಹುದು ಎಂದು ನಾನು ಅಂದುಕೊಂಡಿದ್ದೆ.

"ಖಾಲಿ ಇಟ್ಟಿದ್ದಳಾ?" ಎಂದಳು. "ಅಷ್ಟು ವರ್ಷ ಖಾಲಿ ಇತ್ತಾ ಆ ಮನೆ? ನಾವು ಅಡುಗೆಮನೆ ನೆಲದ ಮೇಲೆ ಮಲಗ್ತಿದ್ದಾಗ?"

ಫೋನಿಟ್ಟ ಮೇಲೆ ನಾನು ಬಾಬಾಳಿಗಾಗಿ ಅತ್ತೆ. ಗೆಳತಿಗೆ ಅದು ಯಾವತ್ತೂ ತಿಳಿಯಬಾರದೆಂದು ಎಚ್ಚರ ವಹಿಸಿದೆ.

ಈಗ ಗೆಳತಿಯೂ ಇಲ್ಲ. ಆ ಓಣಿಯಲ್ಲಿ ಈಗ ಸ್ಪ್ಯಾನಿಷ್ ಕೇಳಿಸುತ್ತದೆ, ಮೆಟ್ಟಿಲ ಮೇಲೆ ಹೂವಿನ ಕುಂಡಗಳಿವೆ, ಕೆಳಗಿನ ಮನೆಯಲ್ಲಿ ಯಾರದೋ ಮಕ್ಕಳು. ನನ್ನ ಮಗಳು ತನ್ನ ಮಕ್ಕಳಿಗೆ ಬಾಬಾಳ ಬಗ್ಗೆ ಹೇಳುತ್ತಾಳೆ, ಅವಳಷ್ಟು ಒಳ್ಳೆಯ ಅಜ್ಜಿ ಇರಲೇ ಇಲ್ಲ ಎನ್ನುತ್ತಾಳೆ. ನಾನು ತಿದ್ದುವುದಿಲ್ಲ. ಅವಳು ಹೇಳುವುದು ಸುಳ್ಳಲ್ಲ. ನನ್ನ ತಣ್ಣಗಾದ ಕಾಲಿಗೆ ಕಾಲುಚೀಲ ತೊಡಿಸಿದ ಆ ಕೈಗಳನ್ನು ಇಂದಿಗೂ ನೆನೆಯುತ್ತೇನೆ. ಆದರೆ ಆ ಒಳ್ಳೆಯತನ ನನ್ನ ತನಕ ಬಂದು ಅಲ್ಲಿಗೇ ನಿಂತುಬಿಟ್ಟಿತ್ತು.