ಸ್ಕ್ಯಾನಿಗೆ ಕರಡಿಗೆ ಬಿಚ್ಚಿದ ದಿನ

ನನ್ನ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರಿನ ಗಂಟೊಂದಿದೆ. ಸಣ್ಣದು, ನಿಧಾನದ್ದು, ಈಗಲೇ ಕೊಯ್ಯುವುದು ಬೇಡ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷಿಸುತ್ತ ಕಾಯೋಣ ಎಂದಿದ್ದರು ಡಾಕ್ಟರು. ನಾನು ಹತ್ತಿ ವ್ಯಾಪಾರ ಮಾಡಿದವನು. ಹತ್ತಿ ತುಂಬಿದ ಅಂಡಿಗೆಗೆ ಕೈ ಹಾಕಿ ಎಳೆ ಜಗ್ಗಿ ನೋಡದೆ ಯಾವ ಮಾಲನ್ನೂ ನಂಬಿದವನಲ್ಲ. ನನ್ನದೇ ಮೈಯೊಳಗಿನ ಸಂಗತಿಯನ್ನು ಕಾಗದದ ಮೇಲಿನ ಒಂದು ಅಂಕಿಯಿಂದ ತಿಳಿಯಬೇಕಲ್ಲ ಎಂದು ಸಿಟ್ಟು ಬರುತ್ತಿತ್ತು.

ಈ ಸಲ ಅಂಕಿ ಏರಿತ್ತು. ಗಂಟು ಬೆಳೆದಿದೆಯೋ ನೋಡಲು ಎಂಆರ್‌ಐ ಮಾಡಿಸಿರಿ ಎಂದರು. ಕೊಯ್ಯುವುದಿಲ್ಲ, ಸುಮ್ಮನೆ ಮಲಗಿದರಾಯಿತು ಎಂದು ಹೆಂಡತಿ ಧೈರ್ಯ ಹೇಳಿದಳು. ನನಗೆ ಊಟ ಸೇರಲಿಲ್ಲ.

ದೇಶಪಾಂಡೆ ನಗರದ ಸ್ಕ್ಯಾನಿಂಗ್ ಸೆಂಟರಿನ ಹುಡುಗಿ ನನ್ನ ಕೊರಳು ನೋಡಿ, "ಕಾಕಾರ, ಅದನ್ನ ತಗೀಬೇಕ್ರಿ. ಬೆಳ್ಳಿ ಒಳಗ ನಡ್ಯಂಗಿಲ್ಲ" ಎಂದಳು.

ಅದು ಬೆಳ್ಳಿಯ ಕರಡಿಗೆ. ಒಳಗಿರುವುದು ಎಂಟನೇ ವಯಸ್ಸಿನಲ್ಲಿ ಗುರುಗಳು ಕಟ್ಟಿದ ಇಷ್ಟಲಿಂಗ. ನಿದ್ದೆಯಲ್ಲೂ ಜ್ವರದಲ್ಲೂ ಅದು ನನ್ನ ಎದೆ ಬಿಟ್ಟಿಲ್ಲ. ಲಿಂಗ ಮೈಮೇಲಿಲ್ಲದೆ ಸಾಯಬಾರದು ಎನ್ನುವುದು ನಮ್ಮ ಮನೆಯ ನಂಬಿಕೆ.

ಚಪ್ಪಲಿಯ ಜೊತೆ ಕಪಾಟಿನಲ್ಲಿಡಲು ಮನಸ್ಸಾಗದೆ, ಹೆಂಡತಿಯ ಸೆರಗಿಗೆ ಹಾಕಿ ಒಳಗೆ ಹೋದೆ. ಯಂತ್ರ ದಡಬಡ ಬಡಿಯತೊಡಗಿತು. ಗಂಟು ಬೆಳೆದಿದ್ದರೆ ಎಂಬ ಹೆದರಿಕೆ ಒಂದು, ಇಲ್ಲೇ ಹೀಗೇ ಉಸಿರು ನಿಂತರೆ ಎಂಬುದು ಇನ್ನೊಂದು. ಕೈ ತಾನಾಗಿ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಗಾಬರಿಯಿಂದ ಇಡೀ ಮೈ ಹೊರಳಿಸಿಬಿಟ್ಟೆ.

"ಅಳ್ಳಾಡಿ ಎಲ್ಲಾ ಫೋಟೋ ಕೆಡಿಸೀರಿ ಕಾಕಾರ. ಮತ್ತ ಮಾಡ್ಬೇಕು" ಎಂದಳು ಹುಡುಗಿ.

ಹೊರಗೆ ಬಂದಾಗ ನನ್ನ ಕೈ ಇನ್ನೂ ಬರಿದಾದ ಎದೆಯ ಮೇಲೇ ಇದ್ದುದು ನೋಡಿ ಹೆಂಡತಿ ಬೈದಳು. "ಕರಡಗಿ ಅಷ್ಟ ಬೆಳ್ಳೀದು. ಲಿಂಗ ಅರಿವ್ಯಾಗ ಕಟ್ಟಿ ಕೊಳ್ಳಾಗ ಹಾಕ್ಕೋರಿ." ಹುಡುಗಿಯೂ ಒಪ್ಪಿದಳು. ಇಷ್ಟು ಸರಳ ದಾರಿ ನನಗೆ ಹೊಳೆದೇ ಇರಲಿಲ್ಲ. ಎರಡನೇ ಸಲ ಮಿಸುಕಾಡದೆ ಮಲಗಿದೆ.

ಎರಡು ದಿನ ಬಿಟ್ಟು ಡಾಕ್ಟರು ವರದಿ ನೋಡಿದರು. "ಗಂಟು ಇನ್ನೂ ಸಣ್ಣದ ಐತ್ರಿ. ಹೊರಗ ಹರಡಿಲ್ಲ. ಆರು ತಿಂಗಳಿಗೆ ಬರ್ರಿ."

ಹೆಂಡತಿ ಕಣ್ಣೊರೆಸಿಕೊಂಡಳು. ನಾನೂ ಖುಷಿಪಡಬೇಕಿತ್ತು.

"ಆರು ಭಾಳ ಆತ್ರಿ. ಮೂರು ತಿಂಗಳಿಗೆ ನೋಡಿದ್ರ?" ಎಂದೆ.

"ಮ್ಯಾಲಿಂದ ಮ್ಯಾಲೆ ನೋಡಿದ್ರ ಗಂಟು ಬೆಳ್ಯೂದು ನಿಲ್ಲಂಗಿಲ್ರಿ" ಎಂದರು ಡಾಕ್ಟರು, ಮೆಲ್ಲಗೆ.

ಅವರು ಹೇಳಿದ್ದು ಖರೇ ಇತ್ತು. ಹೆಂಡತಿ ರಿಕ್ಷಾ ಕರೆಯಲು ಹೋದಾಗ, ಕೌಂಟರಿನಲ್ಲಿ ಮೂರು ತಿಂಗಳ ನಂತರದ ದಿನವನ್ನೇ ಬರೆಸಿದೆ.